ಪಾಪುಗೆ ಡಬ್ಬಿ ಹಾಲು ಕಲಸೋದು ಹೇಗೆ: ನೀರಿನ ಬಿಸಿ, ಪೌಡರ್ ಅಳತೆ, ರಾತ್ರಿ ಫೀಡು, ಮನೇಲಿ ಇನ್ನೊಂದು ಮಗು ಇದ್ರೆ ಏನ್ ಮಾಡೋದು

ಡಬ್ಬಿ ಹಾಲು ಶುರು ಮಾಡಿ ಅಂತ ಡಾಕ್ಟರ್ ಚೀಟಿ ಬರ್ದು ಕೊಡ್ತಾರೆ, ಮೆಡಿಕಲ್ ಶಾಪಲ್ಲಿ ಡಬ್ಬಿ ಸಿಗುತ್ತೆ, ಆದ್ರೆ ಅದನ್ನ ಕಲಸೋದು ಹೇಗೆ ಅಂತ ಪಕ್ಕದಲ್ಲಿ ನಿಂತು ತೋರಿಸಿ ಕೊಡೋರು ತುಂಬಾ ಕಮ್ಮಿ. ಅಮ್ಮ ಒಂದು ಹೇಳ್ತಾರೆ, ಅತ್ತೆ ಒಂದು ಹೇಳ್ತಾರೆ, ಡಬ್ಬಿ ಮೇಲೆ ಸಣ್ಣಕ್ಷರದಲ್ಲಿ ಇನ್ನೇನೋ ಇರುತ್ತೆ, ಅಷ್ಟರಲ್ಲಿ ಮಗು ಕಿರುಚಿ ಕಿರುಚಿ ಕೆಂಪಗಾಗಿರುತ್ತೆ. ನನ್ನ ಇಬ್ರು ಮಕ್ಕಳಿಗೂ ಬೇರೆ ಬೇರೆ ಕಾರಣಕ್ಕೆ ಡಬ್ಬಿ ಹಾಲು ಕೊಡ್ಬೇಕಾಯ್ತು, ಅದಕ್ಕೆ ಪೂರ್ತಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಓದಿ.

ಮೊದಲ 6 ತಿಂಗಳು ಎದೆಹಾಲಿಗಿಂತ ಒಳ್ಳೇದು ಯಾವ್ದೂ ಇಲ್ಲ, ಇದರಲ್ಲಿ ಎರಡನೇ ಮಾತಿಲ್ಲ. ಹಾಲು ಸಾಲ್ತಿಲ್ಲ ಅನ್ಸಿದ ತಕ್ಷಣ ಡಬ್ಬಿಗೆ ಕೈ ಹಾಕ್ಬೇಡಿ, ಮಗು ಬಾಯಿ ಸರಿಯಾಗಿ ಹಚ್ಕೊಳ್ತಿದೆಯಾ ಅಂತ ಆಸ್ಪತ್ರೆ ನರ್ಸಿಗೋ ಲ್ಯಾಕ್ಟೇಶನ್ ಕನ್ಸಲ್ಟೆಂಟಿಗೋ ಒಂದ್ಸಲ ತೋರಿಸಿ, ಎಷ್ಟೋ ಜನಕ್ಕೆ ಅಷ್ಟರಲ್ಲೇ ಸರಿ ಹೋಗುತ್ತೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಕೂಡ ಇದೆ. ಆದ್ರೂ ಡಬ್ಬಿ ಹಾಲು ಬೇಕೇ ಬೇಕು ಅಂತ ಆದ್ರೆ ಬಾಣಂತಿ ತಲೆ ತಗ್ಗಿಸೋ ಅಗತ್ಯ ಇಲ್ಲ, ಮನೆಯೋರು ಅವಳಿಗೆ ಚುಚ್ಚಿ ಮಾತಾಡೋ ಅಗತ್ಯ ಅಂತೂ ಇಲ್ವೇ ಇಲ್ಲ. ಎದೆಹಾಲು ಎಷ್ಟು ಬರುತ್ತೋ ಅಷ್ಟು ಕೊಟ್ಟು, ಉಳಿದಿದ್ದಕ್ಕೆ ಡಬ್ಬಿ ಹಾಲು ಕೊಡ್ಬಹುದು, ಒಂದು ಶುರು ಮಾಡಿದ್ರೆ ಇನ್ನೊಂದು ನಿಲ್ಲಿಸ್ಬೇಕು ಅಂತ ಏನಿಲ್ಲ.

ಡಬ್ಬಿ ಮೇಲೆ ಮಗು ಫೋಟೋ ಇರಲ್ಲ, ಟೀವಿಲಿ ಇದರ ಜಾಹೀರಾತು ಬರಲ್ಲ, ಗಮನಿಸಿದೀರಾ? ಅದಕ್ಕೆ 1992ರ ಕಾನೂನು ಕಾರಣ, 2003ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿದ್ರು. ಫ್ರೀ ಸ್ಯಾಂಪಲ್ ಕೊಡೋದು, ಡಿಸ್ಕೌಂಟ್ ಹಾಕಿ ಮಾರೋದು ಎಲ್ಲ ತಪ್ಪು. ಯಾರಾದ್ರೂ ಈ ಬ್ರ್ಯಾಂಡೇ ತಗೊಳ್ಳಿ ಅಂತ ಜೋರು ಮಾಡಿದ್ರೆ ಸುಮ್ನೆ ಒಪ್ಕೋಬೇಡಿ, ನಿಮ್ಮ ಮಕ್ಕಳ ಡಾಕ್ಟರನ್ನ ಕೇಳಿ. ವಯಸ್ಸಿಗೆ ಸರಿಯಾದ ನಂಬರ್ ಇರೋದು ನೋಡಿ ತಗೊಳ್ಳಿ, ಹುಟ್ಟಿದಾಗಿಂದ 6 ತಿಂಗಳಿಗೆ 1ನೇ ನಂಬರ್.

ಈಗ ಮುಖ್ಯವಾದ ವಿಷಯ. ನಮ್ಮ ಕಡೆ ಎಲ್ಲರ ಮನೇಲೂ ಏನ್ ಮಾಡ್ತಾರೆ ಅಂದ್ರೆ ನೀರು ಕುದಿಸ್ತಾರೆ, ಪೂರ್ತಿ ಆರಿಸ್ತಾರೆ, ಆಮೇಲೆ ಉಗುರು ಬೆಚ್ಚಗಿರೋ ನೀರಿಗೆ ಪೌಡರ್ ಹಾಕಿ ಅಲ್ಲಾಡಿಸಿ ಕೊಡ್ತಾರೆ. ನೀರು ಕುದ್ದಿದೆಯಲ್ಲ, ಇನ್ನೇನು ಭಯ ಅಂತ. ಆದ್ರೆ ಭಯ ಇರೋದು ನೀರಲ್ಲಿ ಮಾತ್ರ ಅಲ್ಲ, ಪೌಡರಲ್ಲೂ ಇದೆ. ಹೊಸಾ ಡಬ್ಬಿ, ಸೀಲ್ ಒಡೆದಿಲ್ಲ ಅಂದ್ರೂ ಒಳಗಿರೋ ಪೌಡರ್ ಪೂರ್ತಿ ಕೀಟಾಣು ಇಲ್ಲದ ವಸ್ತು ಅಲ್ಲ, ಫ್ಯಾಕ್ಟರಿಲಿ ಅದನ್ನ ಹಾಗೆ ಮಾಡೋಕೆ ಆಗಲ್ಲ. ಕ್ರೋನೋಬ್ಯಾಕ್ಟರ್, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಅದರಲ್ಲಿ ಅಪರೂಪಕ್ಕೆ ಇರಬಹುದು. ಅಪರೂಪ ನಿಜ, ಆದ್ರೆ ಬಂದ್ರೆ ಎಳೆ ಮಗುಗೆ ರಕ್ತಕ್ಕೆ, ಮೆದುಳಿನ ಪೊರೆಗೆ ಸೋಂಕು ಆಗೋವಷ್ಟು ಜೋರು. 2022ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಕಂಪನಿ ಡಬ್ಬಿಗಳನ್ನ ವಾಪಸ್ ತಗೊಂಡು ದೇಶದಲ್ಲೆಲ್ಲಾ ಡಬ್ಬಿ ಹಾಲಿಗೆ ಹಾಹಾಕಾರ ಆಯ್ತಲ್ಲ, ಅದೂ ಇದೇ ಕ್ರೋನೋಬ್ಯಾಕ್ಟರ್ ವಿಷಯಕ್ಕೇ.

ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದ್ದು ಏನಂದ್ರೆ ಪೌಡರ್ ಹಾಕೋವಾಗ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಮ್ಮಿ ಇರಬಾರದು, ಆ ಬಿಸಿಗೆ ಪೌಡರಲ್ಲಿರೋ ಬ್ಯಾಕ್ಟೀರಿಯಾ ಸಾಯುತ್ತೆ. ಅಂದ್ರೆ ಬಿಸಿ ನೀರಲ್ಲಿ ಕಲಸಿ ಆಮೇಲೆ ಆರಿಸ್ಬೇಕು, ಆರಿಸಿ ಆಮೇಲೆ ಕಲಸೋದಲ್ಲ. ಇಷ್ಟು ಒಂದು ನೆನಪಿಟ್ಕೊಂಡ್ರೆ ಅರ್ಧ ಕೆಲಸ ಮುಗೀತು.

ಆದ್ರೆ ಇಲ್ಲೊಂದು ತೊಡಕು ಇದೆ. ನಮ್ಮಲ್ಲಿ ಸಿಗೋ ಎಷ್ಟೋ ಡಬ್ಬಿ ಮೇಲೆ ಉಗುರು ಬೆಚ್ಚಗಿನ ನೀರಲ್ಲಿ ಕಲಸಿ ಅಂತಾನೇ ಬರ್ದಿರುತ್ತೆ. ತುಂಬಾ ಬಿಸಿ ನೀರಿಗೆ ಕೆಲವು ವಿಟಮಿನ್ ಸ್ವಲ್ಪ ಕಮ್ಮಿ ಆಗುತ್ತೆ, ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೇದು ಅಂತ ಹಾಕೋ ಬ್ಯಾಕ್ಟೀರಿಯಾ) ಇರೋ ಪೌಡರ್ ಆದ್ರೆ ಅದು ಸತ್ತೇ ಹೋಗುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ ಮಗು 2 ತಿಂಗಳಿಗಿಂತ ಚಿಕ್ಕದು, ಅಥವಾ ತಿಂಗಳು ತುಂಬದೆ ಹುಟ್ಟಿದ್ದು, ತೂಕ ಕಮ್ಮಿ, ಏನಾದ್ರೂ ಕಾಯಿಲೆ ಇದೆ ಅಂದ್ರೆ 70 ಡಿಗ್ರಿ ವಿಷಯದಲ್ಲಿ ರಾಜಿನೇ ಬೇಡ, ಪ್ರೋಬಯಾಟಿಕ್ ಹೋದ್ರೆ ಹೋಗ್ಲಿ. ಡಬ್ಬಿನೇ ಡಾಕ್ಟರ್ ಹತ್ರ ತಗೊಂಡು ಹೋಗಿ, ಇದರ ಮೇಲೆ ಹೀಗೆ ಬರ್ದಿದೆ, ನಾನು ಬಿಸಿ ನೀರಲ್ಲಿ ಕಲಸ್ಬೇಕು ಅಂತಿದೀನಿ, ಸರಿನಾ ಅಂತ ನೇರವಾಗಿ ಕೇಳಿ.

70 ಡಿಗ್ರಿ ಅಂತ ಗೊತ್ತಾಗೋದು ಹೇಗೆ? ಒಂದು ಲೀಟರ್ ನೀರು ಕುದಿಸಿ, ಒಲೆ ಆರಿಸಿ, ಮುಚ್ಚಳ ಮುಚ್ಚಿಟ್ಟು ಅರ್ಧ ಗಂಟೆ ಒಳಗೆ ಬಳಸಿದ್ರೆ ಸರಿ. ಒಂದು ಲೋಟ ನೀರು ಮಾತ್ರ ಕುದಿಸಿದ್ರೆ ಅದು ಬೇಗ ಆರಿ ಹೋಗುತ್ತೆ, ಅರ್ಧ ಗಂಟೆ ಲೆಕ್ಕ ಅದಕ್ಕೆ ನಡಿಯಲ್ಲ, ಅದಕ್ಕೆ ಯಾವಾಗ್ಲೂ ಲೀಟರ್ ಲೆಕ್ಕದಲ್ಲೇ ಕುದಿಸಿ, ಉಳಿದಿದ್ದು ದೊಡ್ಡೋರು ಕುಡೀಬಹುದು. ಅಡುಗೆ ಥರ್ಮಾಮೀಟರ್ ಒಂದು ತಗೊಂಡ್ರೆ ಅನುಮಾನನೇ ಇರಲ್ಲ.

ನೀರು ಯಾವ್ದು ಅನ್ನೋದೂ ದೊಡ್ಡ ವಿಷಯ. ಕಾವೇರಿ ನೀರೋ ಕಾರ್ಪೊರೇಷನ್ ನಲ್ಲಿ ನೀರೋ ಆದ್ರೆ ಫಿಲ್ಟರ್ ಮಾಡಿ ಕುದಿಸಿದ್ರೆ ಸಾಕು. ಬೋರ್‌ವೆಲ್ ನೀರು ಕುಡಿಯೋ ಊರುಗಳಲ್ಲಿ ಹುಷಾರಾಗಿರ್ಬೇಕು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆ ಎಷ್ಟೋ ಬೋರ್‌ವೆಲ್ಲಲ್ಲಿ ಫ್ಲೋರೈಡ್ ಜಾಸ್ತಿ, ಗೊಬ್ಬರ ಹಾಕೋ ಹೊಲದ ಹತ್ರ, ಕಕ್ಕಸು ಗುಂಡಿ ಹತ್ರ ಇರೋ ಬೋರಲ್ಲಿ ನೈಟ್ರೇಟ್ ಜಾಸ್ತಿ ಇರಬಹುದು. ಕುದಿಸಿದ್ರೆ ಕೀಟಾಣು ಸಾಯುತ್ತೆ, ಆದ್ರೆ ಫ್ಲೋರೈಡ್ ಆಗ್ಲಿ ನೈಟ್ರೇಟ್ ಆಗ್ಲಿ ಹೋಗಲ್ಲ, ನೀರು ಆವಿ ಆಗಿ ಕಮ್ಮಿ ಆದಷ್ಟೂ ಅದು ಇನ್ನೂ ದಟ್ಟ ಆಗುತ್ತೆ. ನೈಟ್ರೇಟ್ ಜಾಸ್ತಿ ಆದ್ರೆ ಎಳೆ ಮಗು ರಕ್ತ ಆಕ್ಸಿಜನ್ ಸಾಗಿಸೋದೇ ಕಮ್ಮಿ ಆಗಿ ತುಟಿ, ಉಗುರು ನೀಲಿ ಆಗುತ್ತೆ. ಅಂಥ ಊರಲ್ಲಿ ಪಂಚಾಯ್ತಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಲ್ಲಿ ತರೋ ನೀರು ವಾಸಿ, ಆದ್ರೆ ಅದನ್ನೂ ಕುದಿಸ್ಲೇಬೇಕು, ಯಾಕಂದ್ರೆ ಕ್ಯಾನು ಎಷ್ಟು ಕ್ಲೀನ್ ಇದೆ ಅಂತ ಯಾರಿಗೆ ಗೊತ್ತು. ಅಂಗಡಿಯಿಂದ ತಂದ ಬಾಟ್ಲಿ ನೀರಿಗೂ ಇದೇ ಮಾತು. ಮತ್ತೆ ಮತ್ತೆ ಕುದಿಸಿದ ನೀರನ್ನೇ ಇನ್ನೊಂದ್ಸಲ ಕುದಿಸ್ಬೇಡಿ, ಹೊಸ ನೀರು ಹಿಡ್ಕೊಳ್ಳಿ.

ಬಾಟ್ಲಿ ತೊಳೆಯೋದು. ಮಗು ಕುಡಿದ ತಕ್ಷಣ ತೊಳೀರಿ, ಹಾಲು ಒಣಗಿ ಅಂಟ್ಕೊಂಡ್ರೆ ಬ್ರಶ್ಶಿಗೂ ಬರಲ್ಲ. ಬಾಟ್ಲಿ, ರಿಂಗು, ನಿಪ್ಪಲ್ಲು, ಮುಚ್ಚಳ ಎಲ್ಲ ಬಿಡಿಸಿ ಸೋಪ್ ನೀರಲ್ಲಿ ಉಜ್ಜಿ, ನಿಪ್ಪಲ್ಲನ್ನ ಒಳಗಡೆ ಹೊರಗೆ ತಿರುಗಿಸಿ ಉಜ್ಜಿ, ತೂತಿಂದ ನೀರು ಚಿಮ್ಮಿಸಿ ನೋಡಿ. ಬ್ರಶ್ಶು ಪಾತ್ರೆ ತೊಳೆಯೋದಲ್ಲ, ಅದಕ್ಕೇ ಅಂತ ಬೇರೆ ಇಡಿ. ಆಮೇಲೆ ದೊಡ್ಡ ಪಾತ್ರೇಲಿ ಎಲ್ಲಾ ಮುಳುಗೋ ಹಾಗೆ ನೀರು ಹಾಕಿ, ಬಾಟ್ಲಿ ಒಳಗೆ ಗಾಳಿ ಗುಳ್ಳೆ ಉಳೀದ ಹಾಗೆ ಮುಳುಗಿಸಿ, ನೀರು ಕುದಿಯೋಕೆ ಶುರು ಆದ್ಮೇಲೆ 10 ನಿಮಿಷ ಕುದಿಸಿ. ತೆಗೆದ ಮೇಲೆ ಸೆರಗಲ್ಲಿ, ಟವಲ್ಲಲ್ಲಿ ಒರೆಸೋಕೆ ಹೋಗ್ಬೇಡಿ, ಅಲ್ಲಿಗೆ ಕುದಿಸಿದ್ದೆಲ್ಲ ದಂಡ, ನೀರು ತಾನಾಗೇ ಸೋರ್ಲಿ. ನಮ್ಮ ಗಡಸು ನೀರಿಗೆ ಬಾಟ್ಲಿ ಒಳಗೆ ಬಿಳಿ ಪೊರೆ ಕಟ್ಟುತ್ತೆ, ಅದು ವಿಷ ಅಲ್ಲ, ವಿನಿಗರ್ ಹಾಕಿ ನೆನೆಸಿ ತೊಳೆದ್ರೆ ಹೋಗುತ್ತೆ. ಬಾಟ್ಲಿ ತಗೊಳ್ಳೋವಾಗ ಸ್ಟೀಲೋ ಗಾಜೋ ಆದ್ರೆ ಒಳ್ಳೇದು, ಪ್ಲಾಸ್ಟಿಕ್ ಆದ್ರೆ ಐಎಸ್ಐ ಗುರುತು ಇರೋದು, ಬಿಪಿಎ (ಕೆಲವು ಪ್ಲಾಸ್ಟಿಕ್ಕಲ್ಲಿರೋ ಒಂದು ರಾಸಾಯನಿಕ) ಇಲ್ಲದ್ದು ನೋಡಿ. ನಿಪ್ಪಲ್ಲು ಜಿಗುಟಾದ್ರೆ, ಬಿರುಕು ಬಿಟ್ರೆ ಬಿಸಾಕಿ.

ಬಾಟ್ಲಿನೇ ಬೇಕು ಅಂತಿಲ್ಲ ಅನ್ನೋದೂ ಹೇಳ್ತೀನಿ. ನಮ್ಮ ಅಜ್ಜಿಯರ ಕಾಲದ ಒಳಲೆ ಇದೆಯಲ್ಲ, ಮೂತಿ ಇರೋ ಪುಟ್ಟ ಬಟ್ಟಲು, ಮಕ್ಕಳ ಡಾಕ್ಟರುಗಳು ಇವತ್ತಿಗೂ ಅದನ್ನೇ ಮೆಚ್ಚೋದು, ಯಾಕಂದ್ರೆ ಮೂಲೆ ಸಂದಿ ಇಲ್ಲ, ತೊಳೆಯೋದು ಸುಲಭ, ಮಗು ಎದೆಹಾಲು ಕುಡಿಯೋದು ಮರೆಯಲ್ಲ. ಆದ್ರೆ ಕುಡಿಸೋ ರೀತಿ ಬದಲಾಗ್ಬೇಕು. ಕಾಲು ಚಾಚಿ ಮಗುನ ಅಂಗಾತ ಮಲಗಿಸಿ ಗಂಟಲಿಗೆ ಸುರಿಯೋದು ಬೇಡವೇ ಬೇಡ, ಶ್ವಾಸಕೋಶಕ್ಕೆ ಹೋಗುತ್ತೆ. ಮಗುನ ಅರ್ಧ ಕೂತ ಹಾಗೆ ತೋಳಲ್ಲಿ ಹಿಡ್ಕೊಂಡು, ಒಳಲೆ ಮೂತಿನ ತುಟಿ ಮೂಲೇಲಿ ಇಟ್ಟು, ಸ್ವಲ್ಪ ಬಗ್ಗಿಸಿ, ನುಂಗಿದ್ಮೇಲೆ ಇನ್ನೊಂದು ಗುಟುಕು. ಅವಸರ ಮಾಡ್ಬೇಡಿ.

ಸರಿ, ಕಲಸೋಣ. ಕೈನ ಸೋಪ್ ಹಾಕಿ ಚೆನ್ನಾಗಿ ತೊಳೀರಿ, ಉಗುರು ಸಂದಿ ಸಮೇತ. ಬಾಟ್ಲಿನ ಸಮತಟ್ಟಾದ ಜಾಗದಲ್ಲಿಟ್ಟು ಮೊದಲು ನೀರು ಹಾಕಿ, ಕಣ್ಣನ್ನ ಗೆರೆ ಮಟ್ಟಕ್ಕೆ ತಂದು ನೋಡಿ. ಮೊದಲು ಪೌಡರ್ ಹಾಕಿ ಆಮೇಲೆ ಗೆರೆ ತನಕ ನೀರು ತುಂಬೋರು ಇದಾರೆ, ಅದು ತಪ್ಪು, 90 ಎಂಎಲ್ ನೀರಿಗೆ 3 ಸ್ಕೂಪ್ ಹಾಕಿದ್ರೆ ಹಾಲು 90ರ ಗೆರೆ ದಾಟಿ ಮೇಲೆ ಬರ್ಬೇಕು, ಅದೇ ಸರಿ. ನಮ್ಮಲ್ಲಿ ಹೆಚ್ಚಿನ ಡಬ್ಬಿಗಳಿಗೆ 30 ಎಂಎಲ್ ನೀರಿಗೆ ಒಂದು ಸ್ಕೂಪ್, ಆದ್ರೂ ನಿಮ್ಮ ಡಬ್ಬಿ ಮೇಲೆ ಏನಿದೆ ಅಂತ ನೋಡಿ, ಆ ಡಬ್ಬಿ ಸ್ಕೂಪನ್ನೇ ಬಳಸಿ, ಹಳೇ ಡಬ್ಬಿದು ಬೇಡ.

ಸ್ಕೂಪ್ ತುಂಬಿ ಗುಡ್ಡೆ ಆಗಿದ್ರೆ ಡಬ್ಬಿ ಅಂಚಿಗೆ ಇರೋ ಪಟ್ಟಿಗೆ ಸವರಿ ಸಮ ಮಾಡಿ, ಪಟ್ಟಿ ಇಲ್ಲ ಅಂದ್ರೆ ಒಣಗಿರೋ ಕ್ಲೀನ್ ಚಾಕುವಿನ ಬೆನ್ನು. ಒತ್ತಿ ಒತ್ತಿ ತುಂಬ್ಬಾರದು. ನೀರು ಬಿಸಿ ಇರುತ್ತಲ್ಲ, ಬಾಟ್ಲಿ ಬಾಯಿಂದ ಬರೋ ಹಬೆಗೆ ಸ್ಕೂಪ್ ಒದ್ದೆ ಆಗಿ ಪೌಡರ್ ಅದರ ತಳಕ್ಕೆ ಮೆತ್ಕೊಳ್ಳುತ್ತೆ, ಮುಂದಿನ ಸ್ಕೂಪಿನ ಅಳತೆ ಕಮ್ಮಿ ಆಗುತ್ತೆ, ಒದ್ದೆ ಸ್ಕೂಪ್ ಡಬ್ಬಿಗೆ ಹೋದ್ರೆ ಅಲ್ಲೂ ಗಂಟು ಕಟ್ಟುತ್ತೆ. ಅದಕ್ಕೆ ನಾನು ಬೇಕಾದಷ್ಟು ಸ್ಕೂಪ್ ಮೊದಲೇ ಒಂದು ಒಣ ಕ್ಲೀನ್ ಡಬ್ಬಿಗೆ ಹಾಕಿಟ್ಕೊಂಡು, ಅದನ್ನ ಒಂದೇ ಸಲ ಬಾಟ್ಲಿಗೆ ಸುರೀತೀನಿ. ಎಣಿಸೋವಾಗ ಬಾಯಿ ಬಿಟ್ಟು ಎಣಿಸಿ. ಮಧ್ಯದಲ್ಲಿ ಯಾರೋ ಮಾತಾಡಿಸಿ ಲೆಕ್ಕ ತಪ್ಪಿದ್ರೆ ಅಂದಾಜಿಗೆ ಹಾಕ್ಬೇಡಿ, ಮೊದಲಿಂದ ಎಣಿಸಿ.

ಈ ಅಳತೆ ವಿಷಯದಲ್ಲಿ ಕೈಮುಗಿದು ಕೇಳ್ಕೋತೀನಿ. ಡಬ್ಬಿ ದುಬಾರಿ, ನಿಜ. 4 ಕೆಜಿ ಇರೋ ಮಗುಗೆ ದಿನಕ್ಕೆ ಸುಮಾರು 600 ಎಂಎಲ್ ಬೇಕಾಗುತ್ತೆ, ಕೆಜಿಗೆ 150 ಎಂಎಲ್ ಅಂತ ಅಂದಾಜು ಲೆಕ್ಕ, ಆ ಲೆಕ್ಕಕ್ಕೆ 400 ಗ್ರಾಂ ಪ್ಯಾಕು ನಾಲ್ಕೈದು ದಿನಕ್ಕೆ ಖಾಲಿ. ಹಾಗಂತ ಒಂದು ಸ್ಕೂಪ್ ಕಮ್ಮಿ ಹಾಕಿ ನೀರು ಜಾಸ್ತಿ ಮಾಡಿದ್ರೆ ಮಗು ಹೊಟ್ಟೆ ತುಂಬಿದ ಹಾಗೆ ಕಾಣುತ್ತೆ ಆದ್ರೆ ತೂಕ ಏರಲ್ಲ, ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರೋ ತನಕ ಹೋಗಬಹುದು. ಮಗು ಬೇಗ ದಪ್ಪ ಆಗ್ಲಿ ಅಂತ ಗಟ್ಟಿ ಕಲಸಿದ್ರೆ ಮಲಬದ್ಧತೆ, ಕಿಡ್ನಿಗೆ ಭಾರ, ಮೈಯಲ್ಲಿ ನೀರಿನಂಶ ಕಮ್ಮಿ. ಸಕ್ಕರೆ, ಕಲ್ಲುಸಕ್ಕರೆ, ಬಿಸ್ಕೆಟ್, ರಾಗಿ ಹಿಟ್ಟು ಯಾವ್ದನ್ನೂ ಬಾಟ್ಲಿಗೆ ಸೇರಿಸ್ಬೇಡಿ. ಖರ್ಚು ನಿಜವಾಗ್ಲೂ ಕೈ ಮೀರ್ತಿದೆ ಅಂದ್ರೆ ನಾಚ್ಕೊಳ್ಳದೆ ಡಾಕ್ಟರಿಗೆ ಹೇಳಿ, ಕಮ್ಮಿ ರೇಟಿನ ಬ್ರ್ಯಾಂಡಿಗೆ ಬದಲಾಯಿಸ್ಬಹುದು, ಎದೆಹಾಲು ಹೆಚ್ಚಿಸೋ ದಾರಿ ನೋಡ್ಬಹುದು.

ಪೌಡರ್ ಹಾಕಿ ಮುಚ್ಚಿ ಅಲ್ಲಾಡಿಸಿ, ಗಂಟು ಕರಗ್ಲಿ. ಈಗ ಅದು ಬಾಯಿ ಸುಡೋ ಬಿಸಿ, ಹಾಗೇ ಕೊಡೋಕೆ ಸಾಧ್ಯನೇ ಇಲ್ಲ. ನಲ್ಲಿ ಕೆಳಗೆ ಹಿಡೀರಿ, ಇಲ್ಲಾ ತಣ್ಣೀರಿನ ಬಟ್ಟಲಲ್ಲಿ ನಿಲ್ಲಿಸಿ, ನೀರು ಮುಚ್ಚಳದ ತನಕ ಬರಬಾರದು. ಗಾಜಿನ ಬಾಟ್ಲಿ ಆದ್ರೆ ನಿಧಾನ, ಬಿಸಿಯಿಂದ ಒಂದೇ ಸಲ ಐಸ್ ನೀರಿಗೆ ಇಟ್ರೆ ಸೀಳುತ್ತೆ. ಹೊರಗಿನ ನೀರು ಒರೆಸಿ, ಇನ್ನೊಂದ್ಸಲ ಅಲ್ಲಾಡಿಸಿ, ಮಣಿಕಟ್ಟಿನ ಒಳಭಾಗಕ್ಕೆ ಎರಡು ಹನಿ ಹಾಕಿ ನೋಡಿ, ಬಿಸಿ ಅನ್ನಿಸಬಾರದು. ಮೈಕ್ರೋವೇವ್ ಬೇಡ, ಅದರಲ್ಲಿ ಹೊರಗೆ ಬೆಚ್ಚಗಿದ್ರೂ ಒಳಗೆ ಒಂದೊಂದು ಕಡೆ ಸುಡೋ ಹಾಗಿರುತ್ತೆ.

ಕಲಸಿದ ಹಾಲು ಹೊರಗೆ ಇದ್ರೆ 2 ಗಂಟೆ ಒಳಗೆ ಮುಗೀಬೇಕು, ಮಗು ಬಾಯಿ ಹಾಕಿದ್ರೆ 1 ಗಂಟೆ ಒಳಗೆ. ಬಾಯಿ ಹಾಕಿ ಉಳಿಸಿದ್ದನ್ನ ಫ್ರಿಜ್ಜಲ್ಲಿಟ್ಟು ಮತ್ತೆ ಬಿಸಿ ಮಾಡಿ ಕೊಡೋದು ಬೇಡ, ಎಂಜಲು ಸೇರಿದ ಹಾಲಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತೆ. ಚೆಲ್ಲೋಕೆ ಹೊಟ್ಟೆ ಉರಿಯುತ್ತೆ, ನಂಗೂ ಗೊತ್ತು, ಅದಕ್ಕೆ 60 ಎಂಎಲ್ ಕಲಸಿ ಕೊಡಿ, ಸಾಲದೆ ಇದ್ರೆ ಇನ್ನೊಂದು 30 ಕಲಸಿ. ಕಲಸಿದ ತಕ್ಷಣ ಆರಿಸಿ, ಬಾಯಿ ಹಾಕಿಸದೆ ಫ್ರಿಜ್ಜಿನ ಒಳಗಡೆ, ಬಾಗಿಲಲ್ಲಲ್ಲ, 5 ಡಿಗ್ರಿ ಒಳಗೆ ಇಟ್ರೆ 24 ಗಂಟೆ ಇರುತ್ತೆ ಅಂತ ನಿಯಮ ಇದೆ, ಆದ್ರೆ ಬೇಸಿಗೇಲಿ ಕರೆಂಟ್ ಹೋಗ್ತಾ ಬರ್ತಾ ಇರೋ ಊರಲ್ಲಿ ನಾನಂತೂ ಅದನ್ನ ನಂಬಲ್ಲ, ಆಗಾಗ ಹೊಸದಾಗಿ ಕಲಸೋದೇ ಸರಿ.

ರಾತ್ರಿಗೆ ಇದೇ ಸುಲಭ: ಮಲಗೋ ಮುಂಚೆ ಕುದಿಯೋ ನೀರನ್ನ ಒಳ್ಳೆ ಸ್ಟೀಲ್ ಫ್ಲಾಸ್ಕಿಗೆ ಬಾಯಿ ತನಕ ತುಂಬಿಸಿ, ಕುದಿಸಿದ ಬಾಟ್ಲಿ ಮುಚ್ಚಿಟ್ಟು, ಪುಟ್ಟ ಡಬ್ಬಿಗಳಲ್ಲಿ ಅಳೆದ ಪೌಡರ್, ತಣ್ಣೀರಿನ ಬಟ್ಟಲು, ಎಲ್ಲ ಒಂದು ಟ್ರೇನಲ್ಲಿ. ನಿಮ್ಮ ಫ್ಲಾಸ್ಕ್ ಎಷ್ಟು ಗಂಟೆ 70 ಡಿಗ್ರಿ ಮೇಲೆ ಹಿಡಿಯುತ್ತೆ ಅಂತ ಹಗಲಲ್ಲೇ ಥರ್ಮಾಮೀಟರ್ ಹಾಕಿ ನೋಡಿಟ್ಕೊಳ್ಳಿ. ಬಸ್ಸಲ್ಲಿ ಹುಬ್ಬಳ್ಳಿಗೋ ಮಂಗಳೂರಿಗೋ ರಾತ್ರಿ ಪ್ರಯಾಣ ಆದ್ರೂ ಇದೇ, ಫ್ಲಾಸ್ಕಲ್ಲಿ ನೀರು, ಬೇರೆ ಡಬ್ಬೀಲಿ ಪೌಡರ್. ಕಲಸಿದ ಹಾಲು ಬ್ಯಾಗಲ್ಲಿ ಹಾಕ್ಕೊಂಡು ಹೋಗ್ಬೇಡಿ, ಡಾಬಾದಲ್ಲಿ ಬಿಸಿ ನೀರು ಕೇಳಿದ್ರೆ ಕೊಡ್ತಾರೆ ನಿಜ ಆದ್ರೆ ಅದು ಕುದ್ದಿದೆಯಾ ಬರೀ ಕಾದಿದೆಯಾ ಗೊತ್ತಾಗಲ್ಲ.

ಡಬ್ಬಿ ಒಡೆದ ದಿನ ಮಾರ್ಕರಲ್ಲಿ ತಾರೀಖು ಬರೀರಿ, ಅದರ ಮೇಲೆ ಹೇಳಿರೋ ಅಷ್ಟು ವಾರದೊಳಗೆ ಮುಗಿಸಿ, ಒಣಗಿರೋ ತಂಪು ಜಾಗದಲ್ಲಿಡಿ, ಫ್ರಿಜ್ಜಲ್ಲಿ ಬೇಡ, ಒಲೆ ಪಕ್ಕ ಬೇಡ.

ಕುಡಿಸೋವಾಗ ತಲೆ ಎತ್ತರ ಇರ್ಲಿ, ನಿಪ್ಪಲ್ಲಿನ ತುಂಬಾ ಹಾಲಿರ್ಲಿ, ಮಧ್ಯೆ ಮಧ್ಯೆ ನಿಲ್ಲಿಸಿ, ಮುಖ ತಿರುಗಿಸಿದ್ರೆ ಸಾಕು ಅಂತ ಅರ್ಥ, ಬಾಟ್ಲಿಲಿ ಇನ್ನೂ ಇದೆ ಅಂತ ಒತ್ತಾಯ ಬೇಡ. ಕುಡಿದ ಮೇಲೆ ಹೆಗಲ ಮೇಲೆ ಹಾಕ್ಕೊಂಡು ತೇಗಿಸಿ. ದಿಂಬಿಗೆ ಬಾಟ್ಲಿ ಒರಗಿಸಿ ನಿಮ್ಮ ಕೆಲಸಕ್ಕೆ ಹೋಗೋದು ಮಾತ್ರ ಯಾವತ್ತೂ ಬೇಡ, ಉಸಿರು ಕಟ್ಟಬಹುದು.

ಮನೇಲಿ ಮೂರ್ನಾಲ್ಕು ವರ್ಷದ ಇನ್ನೊಂದು ಮಗು ಇದ್ರೆ ಕೆಲಸ ಎರಡು ಪಟ್ಟು. ನನ್ನ ದೊಡ್ಡ ಮಗಳಿಗೆ ಬಾಟ್ಲಿ ಕಂಡ್ರೆ ತನಗೂ ಬೇಕು, ತಮ್ಮನ ಬಾಯಿಂದ ಕಿತ್ಕೊಂಡು ಒಂದು ಗುಟುಕು ಕುಡಿದು ವಾಪಸ್ ಇಡೋಳು. ಬೈದ್ರೆ ಹಠ ಜಾಸ್ತಿ ಆಗುತ್ತೆ, ಅದಕ್ಕೆ ಅವಳಿಗೆ ಅಂತ ಒಂದು ಕೆಲಸ ಕೊಟ್ವಿ, ಕೈ ತೊಳ್ಕೊಂಡು ಬಂದು ನಾನು ಸ್ಕೂಪ್ ಹಾಕೋವಾಗ ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸೋದು. ಪಾಪು ಕುಡಿಯೋ ಹೊತ್ತಿಗೆ ಅವಳಿಗೂ ಪಕ್ಕದಲ್ಲಿ ಒಂದು ಬಾಳೆಹಣ್ಣು, ಒಂದು ಕಥೆ. ಬಿಸಿ ನೀರು ಮಾತ್ರ ಅವಳ ಕೈಗೆ ಸಿಗೋ ಜಾಗದಲ್ಲಿ ಇರಕೂಡದು, ಕೆಟಲ್ ವೈರು ಕಟ್ಟೆಯಿಂದ ನೇತಾಡ್ತಿದ್ರೆ ಮಕ್ಕಳು ಎಳ್ದೇ ಎಳೀತಾರೆ. ಸುಟ್ರೆ ಟೂತ್‌ಪೇಸ್ಟು, ಇಂಕು, ಅರಿಶಿನ, ಬೆಣ್ಣೆ ಯಾವ್ದೂ ಹಚ್ಚದೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿದು, ಕ್ಲೀನ್ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಓಡಿ. ಒಂದು ಮಗುನ ಕಾಲ ಮೇಲೆ ಇಟ್ಕೊಂಡು ಇನ್ನೊಂದು ಕೈಯಲ್ಲಿ ಬಿಸಿ ನೀರು ಬಗ್ಗಿಸೋದೂ ಬೇಡ, ಅಳೋ ಮಗುನ ಎರಡು ನಿಮಿಷ ಹಾಸಿಗೆ ಮೇಲೆ ಅಳೋಕೆ ಬಿಟ್ರೆ ಏನೂ ಆಗಲ್ಲ. ಯಜಮಾನ್ರಿಗೂ ಕಲಸೋದು ಕಲಿಸಿ, ಮನೇಲಿ ಯಾರು ಕಲಸಿದ್ರೂ ಒಂದೇ ಥರ ಇರೋ ಹಾಗೆ ಅಳತೆನ ಫ್ರಿಜ್ ಬಾಗಿಲಿಗೆ ಬರ್ದು ಅಂಟಿಸಿ.

ಮನೆಗೆ ಬಂದೋರು ನಾಲಿಗೆ ತೆಳ್ಳಗಾಗ್ಲಿ ಅಂತ ಜೇನುತುಪ್ಪ, ಬಜೆ ನೆಕ್ಕಿಸೋಕೆ ಬರ್ತಾರೆ. ಒಂದು ವರ್ಷದ ತನಕ ಜೇನುತುಪ್ಪ ಬೇಡವೇ ಬೇಡ, ಅದರಿಂದ ಎಳೆ ಮಕ್ಕಳಿಗೆ ಬೊಟುಲಿಸಂ ಅನ್ನೋ ಕಾಯಿಲೆ ಬಂದು ಮೈ ಸೋತು ಹೋಗುತ್ತೆ. ಅಜ್ಜಿ, ಡಾಕ್ಟರ್ ಬೈತಾರೆ ಅಂತ ನಗ್ತಾ ಹೇಳಿ, ಕೈಯಿಂದ ಬಟ್ಟಲು ತಗೊಳ್ಳಿ. ಹಸುವಿನ ಹಾಲಿಗೆ ನೀರು ಬೆರೆಸಿ ಕೊಡೋದೂ ಒಂದು ವರ್ಷದೊಳಗೆ ಬೇಡ, ಅದರಲ್ಲಿ ಕಬ್ಬಿಣದಂಶ ಸಾಲಲ್ಲ, ಕಿಡ್ನಿಗೂ ಭಾರ.

ಹೊಟ್ಟೆ ತುಂಬ್ತಿದೆಯಾ ಅಂತ ಅನುಮಾನ ಇದ್ರೆ ಉಚ್ಚೆ ನೋಡಿ, ಮೊದಲ ವಾರ ಕಳೆದ್ಮೇಲೆ ದಿನಕ್ಕೆ ಆರು ಸಲನಾದ್ರೂ ಚೆನ್ನಾಗಿ ಒದ್ದೆ ಮಾಡ್ಬೇಕು, ತೂಕ ಏರ್ತಾ ಇರ್ಬೇಕು. ಡಬ್ಬಿ ಹಾಲು ಕುಡಿಯೋ ಮಕ್ಕಳ ಕಕ್ಕ ಸ್ವಲ್ಪ ಗಟ್ಟಿ, ಬಣ್ಣ ಸ್ವಲ್ಪ ಬೇರೆ ಇರುತ್ತೆ, ಅದಕ್ಕೆ ಗಾಬರಿ ಬೇಡ. ಆದ್ರೆ ಮೂರು ತಿಂಗಳ ಒಳಗಿನ ಮಗುಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರೆ, ಹಾಲು ಕುಡಿಯೋದೇ ಬಿಟ್ರೆ, ಎಬ್ಬಿಸಿದ್ರೂ ಏಳದೆ ಸೊರಗಿದ್ರೆ, ನೆತ್ತಿ ಕುಳಿ ಬಿದ್ರೆ, ಹಸಿರು ವಾಂತಿ ಆದ್ರೆ, ಕಕ್ಕದಲ್ಲಿ ರಕ್ತ ಕಂಡ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ದೃಷ್ಟಿ ತೆಗೆಯೋದು ಆಮೇಲೆ ಇರ್ಲಿ, ಮೊದಲು ಆಸ್ಪತ್ರೆ.

ಆರು ತಿಂಗಳು ತುಂಬಿದ್ಮೇಲೆ ರಾಗಿ ಸರಿ, ಮೆತ್ತಗೆ ಕಿವುಚಿದ ಬೇಳೆ ಅನ್ನ ಶುರು ಮಾಡಿ, ಉಪ್ಪು ಸಕ್ಕರೆ ಇಲ್ಲದೆ, ಆಗ ನಿಧಾನಕ್ಕೆ ಡಬ್ಬಿ ಹಾಲು ಕಮ್ಮಿ ಆಗ್ತಾ ಬರುತ್ತೆ. ಒಂದು ವರ್ಷಕ್ಕೆ ಬಾಟ್ಲಿ ಬಿಡಿಸಿ ಲೋಟ ಹಿಡಿಸಿ, ಕಾಯಿಸಿದ ಹಸುವಿನ ಹಾಲು ದಿನಕ್ಕೆ 400, 500 ಎಂಎಲ್ ಸಾಕು, ಅದಕ್ಕಿಂತ ಜಾಸ್ತಿ ಕುಡಿದ್ರೆ ಊಟ ಸೇರಲ್ಲ, ರಕ್ತ ಕಮ್ಮಿ ಆಗುತ್ತೆ. ವರ್ಷ ದಾಟಿದ ಆರೋಗ್ಯವಾದ ಮಗುಗೆ ದೊಡ್ಡ ನಂಬರಿನ ಡಬ್ಬಿ ಬೇಕಾಗಿಲ್ಲ, ಡಾಕ್ಟರ್ ಬರ್ದು ಕೊಟ್ರೆ ಮಾತ್ರ ತಗೊಳ್ಳಿ.